ದಡದ ಮೇಲೆ ಈಜು ಕಲಿಸುವವರು

ಗ್ರಾಮ ಪಂಚಾಯಿತಿ ಸದಸ್ಯರಿಗೆ ನಾಯಕತ್ವದ ಗುಣ ಬೆಳೆಸಬೇಕು ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಅಧಿಕಾರಿಗಳ ಭಾಷಣದಲ್ಲಿ, ವಿಚಾರ ಸಂಕಿರಣಗಳ ನಿರ್ಣಯದಲ್ಲಿ, ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಅದು ತಪ್ಪದೆ ಬರುತ್ತದೆ. ಸದಸ್ಯರಿಗೆ ಅರಿವಿಲ್ಲ, ಅರಿವಿಗೆ ತರಬೇತಿ ಬೇಕು, ತರಬೇತಿ ಕೊಟ್ಟರೆ ಹಳ್ಳಿ ಉದ್ಧಾರವಾಗುತ್ತದೆ. ಕೇಳಲು ಎಷ್ಟು ಹಿತವಾಗಿದೆ! ರಾಯಚೂರು, ದೇವದುರ್ಗ, ಮಾನ್ವಿಯ ಕಡೆಯಿಂದ ನೋಡಿದಾಗ ಮಾತ್ರ ಈ ಮಾತು ನನಗೆ ಅರ್ಧ ಸುಳ್ಳು ಅನಿಸುತ್ತದೆ. ಉಳಿದರ್ಧ, ತಪ್ಪನ್ನು ಸರಿಯಾದ ಜಾಗದಿಂದ ತಪ್ಪು ಜಾಗಕ್ಕೆ ಸಾಗಿಸುವ ಜಾಣತನ.

ಮೊದಲು ನೀರಿನ ಮಾತು. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು, ಆಸ್ಪತ್ರೆಯ ಹಾಸಿಗೆಗಳು ತುಂಬಿದವು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಾರಣಕ್ಕೆ ಒಂದು ಮಗು ಸತ್ತಿತು, ಊರಿನ ಹಲವರು ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ಈ ಸೀಮೆಯ ಒಂದು ಅಂಚಿನಲ್ಲಿ ಕೃಷ್ಣೆ, ಇನ್ನೊಂದು ಅಂಚಿನಲ್ಲಿ ತುಂಗಭದ್ರೆ. ಎರಡು ಹೊಳೆಗಳ ನಡುವಿನ ದೋಆಬಿನಲ್ಲಿ ಕುಡಿಯುವ ನೀರಿಗೆ ಜನ ಸಾಯುವುದನ್ನು ಯಾವ ತರಬೇತಿಯ ಕೊರತೆ ಎಂದು ಕರೆಯೋಣ?

ಕಾನೂನಿನ ಪ್ರಕಾರ ಹಳ್ಳಿಗೆ ನೀರು ಕೊಡುವುದು ಗ್ರಾಮ ಪಂಚಾಯಿತಿಯ ಕರ್ತವ್ಯ. ಆದರೆ ಮನೆಮನೆಗೆ ನಳ ಹಾಕುವ ದೊಡ್ಡ ಯೋಜನೆಯ ಟೆಂಡರು ಆಗುವುದು ಮೇಲೆ. ಗುತ್ತಿಗೆದಾರನನ್ನು ಆರಿಸುವುದು, ಕೆಲಸ ಅಳೆಯುವುದು, ಬಿಲ್ಲು ಪಾಸು ಮಾಡುವುದು ಇಲಾಖೆಯ ಎಂಜಿನಿಯರುಗಳು. ಪೈಪು ಚರಂಡಿಯೊಳಗೆ ಹಾದುಹೋದರೆ ಅದನ್ನು ತಡೆಯುವ ಅಧಿಕಾರ ಅಧ್ಯಕ್ಷೆಯ ಕೈಯಲ್ಲಿ ಎಷ್ಟಿದೆ? "ಏನವ್ವ, ಅಧ್ಯಕ್ಷೆ ಆಗಿದಿ, ನಳದಾಗ ನೀರು ಯಾಕ ಬರವಲ್ವು?" ಎಂಬ ಪ್ರಶ್ನೆ ಮಾತ್ರ ಅವಳ ಮನೆ ಬಾಗಿಲಿಗೇ ಬರುತ್ತದೆ. ಉತ್ತರ ಹೇಳುವ ಹೊಣೆ ಅವಳದು, ತೀರ್ಮಾನ ಮಾಡುವ ಹಕ್ಕು ಬೇರೆಯವರದು. ಇಂಥವಳಿಗೆ "ಪರಿಣಾಮಕಾರಿ ಸಂವಹನ ಕೌಶಲ" ಕಲಿಸಲು ಹೊರಡುವುದು ಗಾಯದ ಮೇಲೆ ಉಪ್ಪು ಸವರಿದಂತೆ.

ಹಣದ ಕಥೆಯೂ ಹಾಗೆಯೇ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆಂದು 29 ವಿಷಯಗಳಿವೆ. ಆದರೆ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಮೂಲ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ಊರಿನವರು ಕೂತು ಯೋಚಿಸಿ ಮಾಡುವಂಥದ್ದು ಎಷ್ಟು? ಹಣ ಪಾವತಿಯಾಗಲು ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿ ಬೇಕು. ಅಧ್ಯಕ್ಷೆಯ ಸಹಿಯ ಕೀಲಿ ಗಂಡನ ಜೇಬಿನಲ್ಲೋ ಕಂಪ್ಯೂಟರ್ ಆಪರೇಟರನ ಮೇಜಿನ ಡ್ರಾವರಿನಲ್ಲೋ ಇರುವುದು ಹಳ್ಳಿಯಲ್ಲಿ ಯಾರಿಗೂ ಗುಟ್ಟಲ್ಲ. ಆ ಕೀಲಿ ಅವಳ ಸೆರಗಿನ ಗಂಟಿಗೆ ಬರುವವರೆಗೆ ನಾಯಕತ್ವದ ಪಾಠ ಯಾರಿಗೆ?

ಅವಧಿಯ ಮಾತು ಇನ್ನೂ ವಿಚಿತ್ರ. 2015ರ ತಿದ್ದುಪಡಿಯಲ್ಲಿ ಅಧ್ಯಕ್ಷರ ಅವಧಿಯನ್ನು 30 ತಿಂಗಳಿಂದ 5 ವರ್ಷಕ್ಕೆ ಏರಿಸಿದರು, 2020ರಲ್ಲಿ ಮತ್ತೆ 30 ತಿಂಗಳಿಗೆ ಇಳಿಸಿದರು. ಮೊದಲ ವರ್ಷ ಕಡತ ಯಾವುದು, ಕ್ರಿಯಾ ಯೋಜನೆ ಯಾವುದು ಎಂದು ತಿಳಿಯುವುದರಲ್ಲೇ ಕಳೆಯುತ್ತದೆ. ಎರಡನೆಯ ವರ್ಷ ಧೈರ್ಯ ಬರುತ್ತದೆ. ಅಷ್ಟರಲ್ಲಿ ಮುಂದಿನ ಮೀಸಲಾತಿ ಪಟ್ಟಿ ಬಂದು ಅವಳು ಮನೆಗೆ, ಇಲ್ಲವೆ ಹತ್ತಿ ಹೊಲಕ್ಕೆ, ಇಲ್ಲವೆ ಗುಳೆಗೆ. ಕಲಿತದ್ದನ್ನು ಬಳಸುವ ಹೊತ್ತಿಗೆ ಕುರ್ಚಿ ಇರುವುದಿಲ್ಲ.

ಮೇಲಿನ ಹಂತಕ್ಕೆ ಬನ್ನಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ನಡೆದದ್ದು ಏನು? ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ವ್ಯಾಜ್ಯಗಳು ಬೆಳೆದವು, ಗಡುವುಗಳು ಜಾರಿದವು, ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಜಿಲ್ಲೆ ನಡೆಸಿದರು. ಒಂದು ಪಕ್ಷ ಶುರುಮಾಡಿದ ವಿಳಂಬವನ್ನು ಇನ್ನೊಂದು ಪಕ್ಷ ಮುಂದುವರಿಸಿತು. ಶಾಸಕರಿಗೆ ಇದು ಅನುಕೂಲವೇ, ತಾಲ್ಲೂಕಿನಲ್ಲಿ ತಮಗೆ ಎದುರಾಗಿ ಬೆಳೆಯುವ ಇನ್ನೊಬ್ಬ ನಾಯಕ ಇರುವುದಿಲ್ಲ. ಚುನಾವಣೆಯನ್ನೇ ಮಾಡದವರು ನಾಯಕತ್ವ ಶಿಬಿರದ ಉದ್ಘಾಟನೆಗೆ ದೀಪ ಹಚ್ಚುತ್ತಾರೆ!

ಇದಕ್ಕೆ ಹೇಳುವ ಸಮಜಾಯಿಷಿ ನನಗೆ ಗೊತ್ತು. "ಹಿಂದುಳಿದ ಪ್ರದೇಶ, ಅನಕ್ಷರತೆ ಜಾಸ್ತಿ, ಇಂಥವರ ಕೈಗೆ ಅಧಿಕಾರ ಕೊಟ್ಟರೆ ದುರುಪಯೋಗ ಆಗುತ್ತದೆ, ಮೊದಲು ತಯಾರು ಮಾಡಬೇಕು." ಹಿಂದುಳಿದಿರುವುದು ನಿಜ. 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ, ಮಾನ್ವಿ ಎರಡೂ ಆ 39ರೊಳಗೇ ಇವೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಇಷ್ಟು ದಶಕ ಈ ತಾಲ್ಲೂಕುಗಳನ್ನು ಆಳಿದವರು ಅನಕ್ಷರಸ್ಥ ಪಂಚಾಯಿತಿ ಸದಸ್ಯೆಯರೋ, ಓದಿದ ಸಾಹೇಬರೋ? ಹಿಂದುಳಿಸಿದವರ ಅರ್ಹತೆಯನ್ನು ಯಾವ ಪ್ರಶ್ನಾವಳಿಯೂ ಅಳೆಯುವುದಿಲ್ಲ.

ಅಧಿಕಾರ ಮೊದಲು ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯ ಕೆಳಗೆ 1987ರಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಗಿತ್ತು, ದೇಶದಲ್ಲಿ 73ನೇ ತಿದ್ದುಪಡಿ ಬರುವ ಮೊದಲೇ. ಮೈಸೂರಿನ ತರಬೇತಿ ಸಂಸ್ಥೆಗೆ ಇಂದು ಅವರದೇ ಹೆಸರಿದೆ. ಹೆಸರು ಉಳಿಸಿಕೊಂಡೆವು, ಅವರು ಕೊಟ್ಟಿದ್ದ ಅಧಿಕಾರವನ್ನು ಉಳಿಸಿಕೊಳ್ಳಲಿಲ್ಲ. ಪಕ್ಕದ ಕೇರಳ 1996ರ ಜನಯೋಜನೆಯಲ್ಲಿ ಯೋಜನಾ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಖರ್ಚು ಮಾಡಬೇಕಾದ ಹಣ ಕಣ್ಣ ಮುಂದಿದ್ದಾಗ ಅಲ್ಲಿನವರಿಗೆ ತರಬೇತಿಯ ಅಗತ್ಯ ತಾನಾಗಿ ಕಂಡಿತು.

ಇನ್ನೊಂದು ಸಾಕ್ಷಿ ಅರ್ಥಶಾಸ್ತ್ರದ್ದು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಮೇಲೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಮೀಸಲು ಸ್ಥಾನದಿಂದ ಬಂದ ಮಹಿಳೆಯರು ಮುಖ್ಯಸ್ಥರಾದ ಕಡೆ ಕುಡಿಯುವ ನೀರಿನ ಮೇಲಿನ ಹೂಡಿಕೆ ಹೆಚ್ಚಿತ್ತು. ಅದಕ್ಕೆ ಕಾರಣವಾದದ್ದು ಕುರ್ಚಿ, ಮತ್ತು ಕೊಡ ಹೊತ್ತವರಿಗಷ್ಟೇ ಗೊತ್ತಿರುವ ಭಾರ.

ನಾಯಕತ್ವ ನಮ್ಮ ನೆಲದಲ್ಲಿ ಇಲ್ಲವೆಂದು ಹೇಳುವವರು ಮಾನ್ವಿ ಸೀಮೆಯ ಪೋತ್ನಾಳಕ್ಕೆ ಹೋಗಿ ನೋಡಲಿ. ಅಲ್ಲಿನ ಜಾಗೃತ ಮಹಿಳಾ ಸಂಘಟನೆಯಲ್ಲಿರುವವರು ದಲಿತ ಕೂಲಿಕಾರ ಹೆಣ್ಣುಮಕ್ಕಳು. ಕೂಲಿಗಾಗಿ, ಘನತೆಗಾಗಿ ಜಗಳ ಮಾಡುತ್ತಲೇ ಅವರು ಕಚೇರಿಯ ಮೆಟ್ಟಿಲು ಹತ್ತುವುದನ್ನು ಕಲಿತರು, ಮಕ್ಕಳಿಗೊಂದು ಶಾಲೆ ಕಟ್ಟಿದರು. ಉದ್ಯೋಗ ಖಾತ್ರಿಯ ನಮೂನೆ 6 ತುಂಬಿ, ಸ್ವೀಕೃತಿ ಕೊಡದೆ ಕಳಿಸಿದರೆ ಪಂಚಾಯಿತಿ ಮುಂದೆ ಕೂತು, ರಸೀದಿ ಪಡೆದೇ ಎದ್ದ ಕೂಲಿಕಾರರಿಗೆ ಆಡಳಿತದ ಪಾಠ ಯಾವ ಪವರ್ ಪಾಯಿಂಟಿನಿಂದಲೂ ಬರಲಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದೂ ಇದೇ ಧಾಟಿಯ ಮಾತು: ಶ್ರಮಪಟ್ಟರೆ ಸಣ್ಣವರಿಗೂ ದೊಡ್ಡದು ದಕ್ಕುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯ ಕಲ್ಲಿಗೆ ಗೊತ್ತಿದ್ದದ್ದು ಇವತ್ತಿನ ಸುತ್ತೋಲೆಗಳಿಗೆ ಗೊತ್ತಿಲ್ಲ.

ಹಾಗಾದರೆ ತರಬೇತಿ ಬೇಡವೇ? ಬೇಕು, ಆದರೆ ಅಧಿಕಾರದ ಬದಲಿಗೆ ಅಲ್ಲ, ಅದರ ಜೊತೆಗೆ. ತನ್ನದೇ ಪಂಚಾಯಿತಿಯ ಜಮಾ-ಖರ್ಚು, ತನ್ನದೇ ವಾರ್ಡಿನ ಪೈಪ್‌ಲೈನ್ ನಕ್ಷೆ, ತಾನೇ ಸಹಿ ಹಾಕಬೇಕಾದ ಬಿಲ್ಲು ಪಠ್ಯವಾಗಲಿ. ದಿನಗೂಲಿ ಬಿಟ್ಟು ಬರುವ ಸದಸ್ಯೆಗೆ ಆ ದಿನದ ಕೂಲಿ ಸಿಗಲಿ. ತರಗತಿ ಜಿಲ್ಲಾ ಕೇಂದ್ರದ ಸಭಾಂಗಣದ ಬದಲು ಊರಿನಲ್ಲಿ, ಹೊಲದ ಕೆಲಸ ಮುಗಿದ ಹೊತ್ತಿನಲ್ಲಿ ನಡೆಯಲಿ. ಅಧ್ಯಕ್ಷರಿಗೆ ಪೂರ್ತಿ 5 ವರ್ಷ ಸಿಗಲಿ, ಒಂದು ಮೀಸಲಾತಿ ಎರಡು ಅವಧಿ ಉಳಿಯಲಿ. ಊರೊಳಗಿನ ಪೈಪಿನ ಬಿಲ್ಲು ಗ್ರಾಮಸಭೆ ಒಪ್ಪದೆ ಪಾಸಾಗದಿರಲಿ. ಎಲ್ಲಕ್ಕಿಂತ ಮೊದಲು, ಚುನಾವಣೆಗಳು ಹೊತ್ತಿಗೆ ಸರಿಯಾಗಿ ನಡೆಯಲಿ.

ನಮ್ಮ ವಿಶ್ವವಿದ್ಯಾಲಯಗಳಿಗೂ ಒಂದು ಮಾತು. "ಮಹಿಳಾ ಸದಸ್ಯರ ಅರಿವಿನ ಮಟ್ಟ: ಒಂದು ಅಧ್ಯಯನ" ಎಂಬ ಶೀರ್ಷಿಕೆಯನ್ನು ಕೆಲವು ವರ್ಷ ಬದಿಗಿಡೋಣ. ಅಧ್ಯಕ್ಷೆಯ ಸಹಿಯನ್ನು ಯಾರು ಹಾಕುತ್ತಿದ್ದಾರೆ, ಟೆಂಡರು ಯಾರ ಕೈಯಲ್ಲಿದೆ, ಚುನಾವಣೆ ಯಾರಿಗೆ ಬೇಡವಾಗಿದೆ ಎಂದು ಕೇಳೋಣ. ರಾಯಚೂರಿಗೆ ಈಗ ಮಹಾನಗರ ಪಾಲಿಕೆಯ ಪಟ್ಟ ಬಂದಿದೆ. ಪಟ್ಟದ ಜೊತೆ ಅಧಿಕಾರವೂ ಜನರ ಪ್ರತಿನಿಧಿಗಳಿಗೆ ಬರುತ್ತದೋ ಇಲ್ಲವೋ ಎಂಬುದನ್ನು ನಳದ ನೀರೇ ಹೇಳುತ್ತದೆ. ಈಜು ಬರಬೇಕಾದರೆ ನೀರಿಗೆ ಇಳಿಯಬೇಕು. ಇಳಿಯದಂತೆ ಕೈ ಹಿಡಿದು ನಿಲ್ಲಿಸಿಕೊಂಡವರು ಅವಳಿಗೆ ಈಜು ಬರುವುದಿಲ್ಲ ಎಂದು ವರದಿ ಬರೆಯುವುದನ್ನು ಮೊದಲು ನಿಲ್ಲಿಸಲಿ.