ಹರಳು ನಮ್ಮದು, ಗ್ರೀಸ್ ಡಬ್ಬಿ ಅವರದು!



ಸಾದಲಿಯ ಅಂಗಡಿಯಲ್ಲಿ ಒಂದು ಡಬ್ಬಿ ಗ್ರೀಸ್ ಕೊಳ್ಳಿ. ಆ ದುಡ್ಡಿಗೆ ಎಷ್ಟು ಸೇರು ಹರಳು ಮಾರಬೇಕು ಅಂತ ಲೆಕ್ಕ ಹಾಕಿ. ಈ ಲೆಕ್ಕವನ್ನು ಯಾವ ಅಧಿಕಾರಿಯೂ ಬಂದು ನಮಗೆ ಹೇಳಿಕೊಡುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆಗಾಗಿ ಯಾರೂ ಪೇಟೆಗೆ ಓಡುತ್ತಿರಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳದ ಜೊತೆ ಹರಳು ಗಿಡವೂ ಇರುತ್ತಿತ್ತು. ಬೀಜ ಹುರಿದು, ಕುಟ್ಟಿ, ಕುದಿಸಿದರೆ ಮನೆಗೆ ಎಣ್ಣೆ. ಅದಕ್ಕೇ ಸುಟ್ಟ ಹುಲ್ಲಿನ ಕರಿ ಕಲಸಿದರೆ ಗಾಡಿಯ ಅಚ್ಚಿಗೆ ಕೀಲೆಣ್ಣೆ. ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ.

ಇದನ್ನು ಹಳ್ಳಿಗಮಾರರ ತಿಳಿವಳಿಕೆ ಅಂತ ನಗುವವರು ಕೇಳಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಎರಡೂ ಸವೆಯುತ್ತವೆ. ನಡುವೆ ಎಣ್ಣೆಯ ಪೊರೆ ನಿಂತರೆ ಸವೆತ ಕಡಿಮೆ. ಗಿಡದ ಎಣ್ಣೆಯ ಕಣದ ಒಂದು ತುದಿ ಲೋಹವನ್ನು ಕಚ್ಚಿ ಹಿಡಿಯುತ್ತದೆ, ಉದ್ದನೆಯ ಬಾಲ ಹೊರಗೆ ನಿಂತು ಜಾರಿಸುತ್ತದೆ. ನೆಲದಿಂದ ತೆಗೆದ ಮಿನರಲ್ ಎಣ್ಣೆಗೆ ಈ ಹಿಡಿತ ಕಡಿಮೆ. ಅದಕ್ಕೇ ಅದಕ್ಕೆ ರಾಸಾಯನಿಕ ಬೆರೆಸುತ್ತಾರೆ. ಹರಳೆಣ್ಣೆಯಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ಅದರ ಹಿಡಿತವೂ ಗಟ್ಟಿ, ಎಣ್ಣೆಯೂ ಮಂದ. 1914-18ರ ಮಹಾಯುದ್ಧದಲ್ಲಿ ವಿಮಾನದ ಎಷ್ಟೋ ಎಂಜಿನ್ನುಗಳು ಓಡಿದ್ದು ಇದರಿಂದಲೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ.

ಇವತ್ತೂ ಅಷ್ಟೇ. ಬೇರಿಂಗಿಗೆ ತುಂಬುವ ಲಿಥಿಯಂ ಗ್ರೀಸನ್ನು ಗಟ್ಟಿ ಮಾಡುವುದು ಯಾವುದು? ಹರಳೆಣ್ಣೆಯಿಂದ ತೆಗೆದ ಆಮ್ಲಕ್ಕೆ ಲಿಥಿಯಂ ಸೇರಿಸಿ ಮಾಡಿದ ಸಾಬೂನು! ರೈತನ ಹರಳೇ ಕಾರ್ಖಾನೆಗೆ ಹೋಗಿ, ಬಣ್ಣ ಹಚ್ಚಿದ ಡಬ್ಬಿಯಲ್ಲಿ ವಾಪಸು ಬರುತ್ತಿದೆ. ಬೀಜ ಬೆಳೆದವನು ಸಾಲಗಾರ, ಡಬ್ಬಿಗೆ ಮುಚ್ಚಳ ಹಾಕಿದವನು ಸಾಹುಕಾರ.

ಹಾಗಂತ ಗಾಣದ ಎಣ್ಣೆ ತಂದು ಟ್ರ್ಯಾಕ್ಟರ್ ಎಂಜಿನ್ನಿಗೆ ಹುಯ್ಯಬೇಡ್ರಪ್ಪಾ! ಬಿಸಿಗೆ, ಗಾಳಿಗೆ ಗಿಡದ ಎಣ್ಣೆ ಕೆಟ್ಟು ಅಂಟಾಗುತ್ತದೆ. ಇದು ನಿಜ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗಾಡಿಯ ಅಚ್ಚು, ಮೇವು ಕತ್ತರಿಸುವ ಯಂತ್ರದ ಹಲ್ಲುಚಕ್ರ, ಮರ ಕುಯ್ಯುವ ಗರಗಸದ ಚೈನು — ಇಂಥ ಕಡೆ ಸವರಿದ ಎಣ್ಣೆ ಸೋರಿ ಮಣ್ಣಿಗೇ ಬೀಳುವುದು. ಗಿಡದ ಎಣ್ಣೆ ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತದೆ, ಮಿನರಲ್ ಎಣ್ಣೆ ಉಳಿದು ನೆಲ ಕೆಡಿಸುತ್ತದೆ. ಯುರೋಪಿನ ಕಾಡುಗಳಲ್ಲಿ ಗರಗಸಕ್ಕೆ ಸಾಸಿವೆ ಜಾತಿಯ ಎಣ್ಣೆ ಹಾಕುತ್ತಾರೆ. ನಮಗೆ ಮಾತ್ರ ಅದು ಹಳೇ ಕಾಲದ್ದೇ?

ಇನ್ನು ಬೆಲೆಯ ಮಾತು. ಪ್ರಪಂಚದಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು, ಅದರಲ್ಲಿ ಬಹುಪಾಲು ಗುಜರಾತಿನದು. ಆದರೂ ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಹರಳಿಲ್ಲ! ಕಡಲೆಕಾಯಿ ಇದೆ, ಸೂರ್ಯಕಾಂತಿ ಇದೆ, ಹುಚ್ಚೆಳ್ಳೂ ಇದೆ. ತಿನ್ನುವ ಎಣ್ಣೆಯಲ್ಲ ಅನ್ನುವುದಾದರೆ ಹತ್ತಿ, ಸೆಣಬನ್ನು ಯಾರು ತಿಂತಾರೆ? ಅವು ಪಟ್ಟಿಯಲ್ಲಿ ಇಲ್ಲವೇ? ಪಟ್ಟಿಯಲ್ಲಿ ಇಲ್ಲದ ಬೆಳೆಗೆ ವ್ಯಾಪಾರಿ ಹೇಳಿದ್ದೇ ಬೆಲೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಹರಳನ್ನು ಬೆಂಬಲ ಬೆಲೆಯ ಪಟ್ಟಿಗೆ ಸೇರಿಸಬೇಕು. ಖರೀದಿಯೂ ಆಗಬೇಕು.

2. ಹೋಬಳಿಗೊಂದು ಎಣ್ಣೆ ಗಾಣ, ರೈತರದೇ ಸಂಘದ ಕೈಯಲ್ಲಿ. ಎಣ್ಣೆ ಮಾರಾಟಕ್ಕೆ, ಹಿಂಡಿ ಹಿಪ್ಪುನೇರಳೆ ತೋಟಕ್ಕೆ. ಹರಳು ಹಿಂಡಿ ದನಕ್ಕೆ ವಿಷ, ಗಿಡಕ್ಕೆ ಗೊಬ್ಬರ.

3. ಹೊಂಗೆಯನ್ನು ಸುಡುವ ಎಣ್ಣೆ ಮಾಡಲು ರಾಜ್ಯ ಸರ್ಕಾರ 2010ರಲ್ಲಿ ಜೈವಿಕ ಇಂಧನ ಮಂಡಳಿ ಕಟ್ಟಿತು. ಸುಡುವುದಕ್ಕೆ ಮಾತ್ರ ಯಾಕೆ? ಹೊಂಗೆ, ಹರಳು ಎರಡನ್ನೂ ಹಳ್ಳಿಯ ಯಂತ್ರಗಳಲ್ಲಿ ಹಾಕಿ, ಸವೆತ ಎಷ್ಟು ತಡೆಯುತ್ತವೆ ಅಂತ ಜಿಕೆವಿಕೆಯವರು ಅಳೆದು ಕನ್ನಡದಲ್ಲಿ ಅಚ್ಚು ಹಾಕಲಿ.

ಬಾಂಧವರೇ, ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವು ಮಾಡಿ ಕಳಿಸಿ. ಸುಮ್ಮನಿದ್ದರೆ ಚಕ್ರ ಅವರದು ತಿರುಗುತ್ತದೆ, ಸವೆಯುವುದು ನಾವು.