ನಾಯಿಯ ನಿದ್ರೆ, ಮನೆಯ ನೆಮ್ಮದಿ

ನಿಪ್ಪಾಣಿ ತಾಲೂಕಿನ ಯಮಗರ್ಣಿ ಗ್ರಾಮದ ಕಪ್ಪು ನಾಯಿಯ ಸಂಗತಿಯನ್ನು ಓದುಗ ಬಂಧುಗಳು ಮರೆತಿರಲಾರರು. 2024ನೆಯ ಇಸವಿಯಲ್ಲಿ ಅದು ಯಜಮಾನರ ಪಾದಯಾತ್ರೆಯ ಬೆನ್ನುಹತ್ತಿ ಪಂಢರಪುರಕ್ಕೆ ಹೋಗಿ, ಅಲ್ಲಿಯ ಜನಸಂದಣಿಯಲ್ಲಿ ತಪ್ಪಿಸಿಕೊಂಡಿತು. ಯಜಮಾನರು ಹುಡುಕಿ ಸೋತು ಊರಿಗೆ ಮರಳಿದರು. ಜುಲೈ ತಿಂಗಳಿನಲ್ಲಿ ಆ ನಾಯಿಯು ತಾನೊಂದೇ ಹಾದಿ ಸವೆಸಿ ಬಂದು ಮನೆಯ ಮುಂದೆ ಬಾಲವಾಡಿಸುತ್ತ ನಿಂತಿತು. ಅದು ಕ್ರಮಿಸಿದ ದಾರಿ ಸುಮಾರು 250 ಕಿಲೋಮೀಟರು ಎಂದು ಪತ್ರಿಕೆಗಳು ಬರೆದವು. ಊರವರು ಅದಕ್ಕೆ ಹೂಮಾಲೆ ಹಾಕಿ ಸಂಭ್ರಮಿಸಿದರು.

ನಾಯಿಗೆ ಮನೆಯೆಂಬುದು ಅಷ್ಟು ದೊಡ್ಡದು. ಆ ಮನೆಯಲ್ಲಿ ತಾನು ನೆಮ್ಮದಿಯಿಂದಿರುವೆನೋ ಇಲ್ಲವೋ ಎಂಬುದನ್ನು ಮಾತು ಬಾರದ ಆ ಜೀವವು ತಾನು ಮಲಗುವ ರೀತಿಯಿಂದಲೇ ತಿಳಿಸುತ್ತದೆ.

ಚಳಿಗಾಲದಲ್ಲಿ ನಾಯಿ ಮೈಯನ್ನು ಮುದುಡಿ, ಮೂಗನ್ನು ಬಾಲದಲ್ಲಿ ಹುದುಗಿಸಿ ಮಲಗುವುದು. ಇದರಿಂದ ಮೈಯ ಕಾವು ಉಳಿಯುತ್ತದೆ; ಮೃದುವಾದ ಹೊಟ್ಟೆಗೂ ರಕ್ಷಣೆ ದೊರೆಯುತ್ತದೆ. ಇದನ್ನು ದುಃಖದ ಗುರುತೆಂದು ತಿಳಿಯಬಾರದು. ಬೇಸಿಗೆಯಲ್ಲಿ ಅದೇ ನಾಯಿ ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಹೊಟ್ಟೆಯೂರಿ ಕಾಲು ಚಾಚುವುದು. ಮುಂಗಾಲುಗಳ ಮೇಲೆ ತಲೆಯಿಟ್ಟು ಮಲಗಿದ್ದರೆ ಅದು ಅರೆನಿದ್ರೆ. ಸಪ್ಪಳವಾದೊಡನೆ ಏಳಲು ಸಿದ್ಧವಾಗಿರುತ್ತದೆ. ಒಂದು ಮಗ್ಗುಲಾಗಿ ನಾಲ್ಕೂ ಕಾಲು ಚಾಚಿ ಮಲಗಿದರೆ ಮನಸ್ಸು ನಿರಾತಂಕವಾಗಿದೆಯೆಂದು ತಿಳಿಯಬಹುದು. ಕನಸು ಕಾಣುವ ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಳ್ಳುವುದರಿಂದ ಮೈಚೆಲ್ಲಿ ಮಲಗದೆ ಆ ನಿದ್ರೆ ಸುಲಭವಾಗಿ ಕೂಡಿಬರದು. ಆಗಲೇ ಕಾಲು ಅದುರುವುದು, ಸಣ್ಣಗೆ ಕುಂಯ್‌ಗುಡುವುದು. ಇನ್ನು ಅಂಗಾತ ಮಲಗಿ ಹೊಟ್ಟೆಯನ್ನು ತೆರೆದಿಡುವುದು, ಸೆಕೆಯ ಕಾರಣವೂ ಇರಬಹುದಾದರೂ, ಭಯವಿಲ್ಲದ ಸ್ಥಳದಲ್ಲಿ ಮಾತ್ರ.

ಬೇಗ ನಿದ್ರೆ ಬಂದ ಮಾತ್ರಕ್ಕೆ ನೆಮ್ಮದಿಯಿದೆ ಎನ್ನಲಾಗದು. ಹಂಗೇರಿ ದೇಶದ ವಿಜ್ಞಾನಿಗಳು ನಾಯಿಗಳ ತಲೆಗೆ ನೋವಾಗದಂತೆ ತಂತಿಗಳನ್ನು ಅಂಟಿಸಿ ನಿದ್ರೆಯನ್ನು ಅಳೆದು, 2017ರಲ್ಲಿ ಅದರ ಫಲಿತವನ್ನು ಪ್ರಕಟಿಸಿದರು. ಮುದ್ದು ಆಟಗಳ ನಂತರ ಮಲಗಿದ್ದಕ್ಕಿಂತ, ಒಂಟಿಯಾಗಿ ಕಟ್ಟಿಹಾಕಿ ಬೆದರಿಸುವ ನೋಟಕ್ಕೆ ಗುರಿಪಡಿಸಿದ ನಂತರ ನಾಯಿಗಳು ಬೇಗನೆ ನಿದ್ರೆಗೆ ಜಾರಿದವು. ಆದರೆ ಆ ನಿದ್ರೆಯ ಹಂತಗಳ ಪ್ರಮಾಣವೇ ಬೇರೆಯಾಗಿತ್ತು.

ಈ ಮಾತಿಗೆ ನಾನು ಕಣ್ಣಾರೆ ಕಂಡದ್ದೊಂದಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಅಥಣಿ ತಾಲೂಕಿನ ನದೀತೀರದ ಪರಿಚಿತ ಮನೆತನವೊಂದು ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರವನ್ನು ಸೇರಿತ್ತು. ಅವರ ನಾಯಿಯು ಗೋಡೆಗೆ ಬೆನ್ನು ಕೊಟ್ಟು, ಮುಂಗಾಲ ಮೇಲೆ ಗದ್ದವನ್ನಿಟ್ಟು ಬಿದ್ದುಕೊಂಡಿತ್ತು. ಯಾರು ಹಾದುಹೋದರೂ ಕಣ್ಣು ತೆರೆಯುತ್ತಿತ್ತು. "ಮನುಷ್ಯರಿಗೆ ಚಿಂತೆ, ಇದಕ್ಕೇನು, ಹಗಲೆಲ್ಲ ನಿದ್ದೆ" ಎಂದು ನಾನು ನಕ್ಕೆ. ಆ ಮನೆಯ ಹಿರಿಯ ತಾಯಿ ನಗಲಿಲ್ಲ. "ಇಲ್ರೀ ಅಜ್ಜಾರ, ಇಲ್ಲಿಗಿ ಬಂದಾಗಿಂದ ಅದು ಮೈಚೆಲ್ಲಿ ಮಲಗಿಲ್ಲ" ಎಂದರು. ನನ್ನ ಶಾಸ್ತ್ರವ್ಯಾಸಂಗಕ್ಕೆ ಕಾಣದ್ದು ಅವರಿಗೆ ಕಂಡಿತ್ತು. ನನಗೆ ನಾಚಿಕೆಯಾಯಿತು.

ಮಲಗುವ ರೀತಿಯನ್ನು ಋತುಮಾನ, ವಯಸ್ಸು, ಆರೋಗ್ಯಗಳೊಡನೆ ಕೂಡಿಸಿ ನೋಡಬೇಕು. ಕಡುಬೇಸಿಗೆಯಲ್ಲೂ ಮುದುಡಿಯೇ ಮಲಗುವುದು, ಮತ್ತೆ ಮತ್ತೆ ಎದ್ದು ಜಾಗ ಬದಲಿಸುವುದು, ಮುಂಗಾಲುಗಳನ್ನು ನೆಲಕ್ಕೂರಿ ಹಿಂಭಾಗವನ್ನು ಎತ್ತಿಯೇ ನಿಲ್ಲುವುದು ನೋವಿನ ಲಕ್ಷಣಗಳಾಗಿರಬಹುದು. ಕೊನೆಯದು ಹೊಟ್ಟೆನೋವಿನಲ್ಲಿ ಕಾಣುವಂಥದು. ಅಂಥ ನಾಯಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸದೆ ದೂರದಿಂದ ಹೆಸರು ಹಿಡಿದು ಕರೆಯುವುದನ್ನು ಮಕ್ಕಳಿಗೆ ಕಲಿಸಬೇಕು; ಬೆಚ್ಚಿಬಿದ್ದರೆ ಸಾಧು ನಾಯಿಯೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಆ ವರ್ಷದ ದೀಪಾವಳಿಯ ನಂತರ ನಾನು ಪುನಃ ಆ ಮನೆಗೆ ಹೋದೆ. ಗೋಡೆಯ ಮೇಲೆ ನೆರೆನೀರು ನಿಂತ ಗುರುತು ಇನ್ನೂ ಇತ್ತು. ಕಟ್ಟೆಯ ಮೇಲೆ ನಾಯಿ ಒಂದು ಮಗ್ಗುಲಾಗಿ, ಕಾಲು ಚಾಚಿ ಮಲಗಿತ್ತು. ನಾನು ಬಂದದ್ದೂ ಅದಕ್ಕೆ ತಿಳಿಯಲಿಲ್ಲ. "ಈಗ ನಮಗೂ ನಿದ್ದಿ ಹತ್ತತೈತ್ರೀ" ಎಂದರು ಆ ತಾಯಿ.