215 ದಿನ ಎಂಎಲ್‌ಎ ಇಲ್ಲದ ಇಂಡಿ, ಬಾಗೇವಾಡಿ

ಮುಖ್ಯಮಂತ್ರಿ ಕುರ್ಚಿ ಉಳಿಸಿಕೊಂಡ ಕಥೆಗಳನ್ನ ನಾವೆಲ್ಲ ಬೆಂಗಳೂರಿನ ಕಥೆ ಅಂತಾನೇ ಕೇಳಿ ಬೆಳೆದಿದ್ದೀವಿ. ವಿಧಾನಸೌಧ, ರಾಜಭವನ, ರೆಸಾರ್ಟ್, ದೆಹಲಿ ಹೈಕಮಾಂಡ್. ಕುರ್ಚಿ ಉಳೀತು ಅಥವಾ ಹೋಯ್ತು, ಕಥೆ ಮುಗೀತು. ಅದನ್ನ ಉಳಿಸೋ ಖರ್ಚು ಯಾರ ತಲೆ ಮೇಲೆ ಬಿತ್ತು ಅನ್ನೋದು ಮಾತ್ರ ಆ ಕಥೆಯಲ್ಲಿ ಬರಲ್ಲ. 2010ರ ಅಕ್ಟೋಬರ್‌ನಲ್ಲಿ ಅದರ ಒಂದು ಪಾಲು ಇಂಡಿ ಮತ್ತು ಬಸವನ ಬಾಗೇವಾಡಿ ಮೇಲೆ ಬಿತ್ತು. ಆಗ ನಮಗೆ ನಾಲ್ಕು ವರ್ಷ. ನಮ್ಮ ಊರಿನ ಈ ವಿಷಯ ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಇಂಗ್ಲಿಷ್ ಮೀಡಿಯಂ ಸಿವಿಕ್ಸ್ ಪುಸ್ತಕದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಅಂದ್ರೆ ಎರಡು ಮಾರ್ಕಿನ ಪ್ರಶ್ನೆ, ಅಷ್ಟೇ.

ನಮ್ಮ ಹಾಸ್ಟೆಲ್ ರೂಮುಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆಯವರು ಇದ್ದೀವಿ. ರಾತ್ರಿ ಹೊತ್ತು ಯಾರ ಊರಿನ ರಾಜಕಾರಣ ಹೆಚ್ಚು ಕೆಟ್ಟದ್ದು ಅನ್ನೋ ವಾದ ನಡೀತಾನೇ ಇರತ್ತೆ. ಈ ಲೇಖನ ಹುಟ್ಟಿದ್ದೂ ಅದೇ ವಾದದಲ್ಲಿ.

ಮೊದಲು ಲೆಕ್ಕ. 2008ರ ಚುನಾವಣೆಯಲ್ಲಿ ಬಿಜೆಪಿಗೆ 224ರಲ್ಲಿ 110 ಸೀಟು ಬಂತು. ಬೇಕಾಗಿದ್ದು 113. ಪಕ್ಷೇತರರನ್ನ ಸೇರಿಸಿಕೊಂಡು ಬಿ.ಎಸ್. ಯಡಿಯೂರಪ್ಪ ಆ ವರ್ಷ ಮೇ 30ಕ್ಕೆ ಮುಖ್ಯಮಂತ್ರಿಯಾದ್ರು. ದಕ್ಷಿಣ ಭಾರತದಲ್ಲಿ ಬಿಜೆಪಿಯ ಮೊದಲ ಸರ್ಕಾರ ಅದು, ಅವರ ಹೆಸರಿನ ಮೇಲೇ ಬಂದ ಸರ್ಕಾರ. ಅದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ. ಆದರೆ ಎರಡು ವರ್ಷ ತುಂಬೋದರೊಳಗೆ ಗಣಿ, ಜಮೀನು, ನೇಮಕಾತಿ ಅಂತ ಒಂದರ ಹಿಂದೆ ಒಂದು ಆರೋಪ. ವೈದ್ಯಕೀಯ ಶಿಕ್ಷಣ ಮಂತ್ರಿ ರಾಮಚಂದ್ರ ಗೌಡ ರಾಜೀನಾಮೆ ಕೊಟ್ರು, ಕೆಲವೇ ತಿಂಗಳಲ್ಲಿ ಕಟ್ಟಾ ಸುಬ್ರಮಣ್ಯ ನಾಯ್ಡು ಕೊಟ್ರು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರೇ ಬೇಸತ್ತು 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡ್ರು. ಎಲ್ಲರೂ ರಾಜೀನಾಮೆ ಕೊಡೋರೇ, ಕೊಡಬೇಕು ಅಂತ ಜನ ಕೇಳ್ತಿದ್ದ ಒಬ್ಬರನ್ನ ಬಿಟ್ಟು.

ಅಕ್ಟೋಬರ್ 6ರಂದು ಬಿಜೆಪಿಯ 11 ಶಾಸಕರು ಮತ್ತು 5 ಪಕ್ಷೇತರರು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ರು: ಯಡಿಯೂರಪ್ಪ ನೇತೃತ್ವದ ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ ಅಂತ. ಆ 11 ಜನರಲ್ಲಿ ಇಬ್ಬರು ನಮ್ಮ ಜಿಲ್ಲೆಯವರು. ಇಂಡಿಯ ಡಾ. ಸಾರ್ವಭೌಮ ಬಗಲಿ, ಬಸವನ ಬಾಗೇವಾಡಿಯ ಎಸ್.ಕೆ. ಬೆಳ್ಳುಬ್ಬಿ. ಸಿಂದಗಿಯ ರಮೇಶ ಭೂಸನೂರ ಕೂಡ ಬಿಜೆಪಿಯವರೇ, ಅವರು ಸರ್ಕಾರದ ಕಡೆಯೇ ಉಳಿದ್ರು. ಮುದ್ದೇಬಿಹಾಳದ ಸಿ.ಎಸ್. ನಾಡಗೌಡ ಕಾಂಗ್ರೆಸ್‌ನವರು, ವಿರೋಧ ಪಕ್ಷದ ಸಾಲಿನಲ್ಲಿದ್ರು. ಅಕ್ಕಪಕ್ಕದ ನಾಲ್ಕು ಊರು, ಒಬ್ಬರು ಪರ, ಒಬ್ಬರು ವಿರೋಧ, ಇಬ್ಬರು ಬಂಡಾಯ. ರಾಜ್ಯದ ಇಡೀ ಬಿಕ್ಕಟ್ಟಿನ ಸ್ಯಾಂಪಲ್ ಬೇಕು ಅಂದ್ರೆ ನಮ್ಮ ಕಡೆ ಬಂದಿದ್ರೆ ಸಾಕಿತ್ತು.

ಮುಂದಿನ ನಾಲ್ಕು ದಿನ ಏನಾಯ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಆಟ ಇರೋದೇ ಅಲ್ಲಿ. ಸ್ಪೀಕರ್ ಕೆ.ಜಿ. ಬೋಪಯ್ಯ ಅವರು 7ನೇ ತಾರೀಖು ನೋಟಿಸ್ ಕೊಟ್ರು. ಉತ್ತರ ಕೊಡೋಕೆ ಕಡೇ ಟೈಮು 10ನೇ ತಾರೀಖು ಸಂಜೆ 5 ಗಂಟೆ. ನಿಯಮದ ಪ್ರಕಾರ ಏಳು ದಿನ ಕೊಡಬೇಕು. ನಮ್ಮ ಕಾಲೇಜಿನಲ್ಲಿ ಅಸೈನ್‌ಮೆಂಟಿಗೇ ಒಂದು ವಾರ ಕೊಡ್ತಾರೆ, ಇಲ್ಲಿ ಲಕ್ಷಾಂತರ ಜನರ ಪ್ರತಿನಿಧಿಯ ಸ್ಥಾನಕ್ಕೆ ಮೂರು ದಿನ! 10ನೇ ತಾರೀಖೇ ಹದಿನಾರೂ ಜನ ಅನರ್ಹ ಅಂತ ಆದೇಶ ಬಂತು. 11ರಂದು ಗದ್ದಲದ ನಡುವೆ ಧ್ವನಿಮತದಲ್ಲಿ ವಿಶ್ವಾಸಮತ ಪಾಸಾಯ್ತು. ರಾಜ್ಯಪಾಲರು ಒಪ್ಪಲಿಲ್ಲ, ಮತ್ತೊಮ್ಮೆ ಮಾಡಿ ಅಂದ್ರು. 14ನೇ ತಾರೀಖು ತಲೆ ಎಣಿಸಿದಾಗ 106–100. ಸರ್ಕಾರ ಗೆದ್ದಿತು.

ಈಗ ಈ 106 ಅನ್ನೋ ಸಂಖ್ಯೆಯನ್ನ ಇಂಜಿನಿಯರಿಂಗ್ ಹುಡುಗರ ಥರ ನೋಡೋಣ. 224ಕ್ಕೆ 106 ಅಂದ್ರೆ ಶೇ. 47ರ ಆಸುಪಾಸು. ಫೇಲ್. 16 ಜನರನ್ನ ತೆಗೆದರೆ ಉಳಿಯೋದು 208, ಅದಕ್ಕೆ 106 ಅಂದ್ರೆ ಶೇ. 51ರ ಹತ್ತಿರ. ಪಾಸ್! ಅಂಶ ಹೆಚ್ಚಾಗಲಿಲ್ಲ, ಛೇದ ಕಡಿಮೆಯಾಯ್ತು. ನಮಗೆ ಅಟೆಂಡೆನ್ಸ್ ಶಾರ್ಟೇಜ್ ಆದಾಗ ಯಾರಾದರೂ ಪುಣ್ಯಾತ್ಮರು ಬಂದು, ನೀವು ಬರದ ಕ್ಲಾಸುಗಳು ನಡೆದೇ ಇಲ್ಲ ಅಂತ ರಿಜಿಸ್ಟರ್‌ನಿಂದ ಹೊಡೆದು ಹಾಕಿದ ಹಾಗೆ. ನಗು ಬರತ್ತೆ. ಆದರೆ ಹೊಡೆದು ಹಾಕಿದ್ದು ಕ್ಲಾಸುಗಳನ್ನಲ್ಲ, ಇಂಡಿ, ಬಾಗೇವಾಡಿ ಥರದ ಹದಿನಾರು ಕ್ಷೇತ್ರಗಳನ್ನ. ಹಗರಣದ ನಡುವೆ ಕೂತ ನಾಯಕ ಕುರ್ಚಿ ಉಳಿಸಿಕೊಳ್ಳೋದು ತನ್ನ ಬಲದಿಂದ ಅಂತ ನಾವು ಅಂದುಕೊಳ್ತೀವಿ. ಇಲ್ಲಿ ನೋಡಿದ್ರೆ ಉಳಿದಿದ್ದು ಕೆಲವು ಊರಿನ ಜನರನ್ನ ಲೆಕ್ಕದಿಂದ ತೆಗೆದಿದ್ದಕ್ಕೆ.

ಹೈಕೋರ್ಟ್ ಅಕ್ಟೋಬರ್ ಕೊನೆಗೆ ಬಿಜೆಪಿಯ 11 ಶಾಸಕರ ಅನರ್ಹತೆಯನ್ನ ಎತ್ತಿಹಿಡಿಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಸ್ಪೀಕರ್ ಆದೇಶವನ್ನೇ ರದ್ದು ಮಾಡ್ತು. ನಾಯಕನ ಮೇಲೆ ವಿಶ್ವಾಸ ಇಲ್ಲ ಅನ್ನೋದು ಪಕ್ಷ ಬಿಟ್ಟ ಹಾಗಲ್ಲ, ಅವಸರದಲ್ಲಿ ಮಾಡಿದ ವಿಚಾರಣೆ ನ್ಯಾಯವೂ ಅಲ್ಲ ಅನ್ನೋದು ಆ ತೀರ್ಪಿನ ಸಾರ. ಸರಿ. ಆದರೆ ಅಕ್ಟೋಬರ್ 10ರಿಂದ ಮೇ 13ರವರೆಗೆ ನಾವು ಕ್ಯಾಲೆಂಡರ್ ಹಿಡಿದು ಎಣಿಸಿದ್ವಿ, 215 ದಿನ. ಅಷ್ಟು ದಿನ ಇಂಡಿಗೂ ಬಸವನ ಬಾಗೇವಾಡಿಗೂ ವಿಧಾನಸಭೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ತಪ್ಪು ಅಂತ ಸಾಬೀತಾದ ಆದೇಶದಿಂದ.

ಆ 215 ದಿನ ಸುಮ್ನೆ ಹೋದ ದಿನಗಳಾ? ಅಲ್ಲವೇ ಅಲ್ಲ.

2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಬಂತು. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಬಹುದು ಅಂತ. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದು? ನೀರು ಎಲ್ಲಿಗೆ ಬರತ್ತೆ, ಯಾವ ಹೊಲ ಮುಳುಗತ್ತೆ, ಪರಿಹಾರ ಎಷ್ಟು, ಎಲ್ಲ ಪ್ರಶ್ನೆಯೂ ಆ ನಾಲ್ಕೂವರೆ ಮೀಟರ್ ಒಳಗೇ ಇದಾವೆ. ಇವತ್ತಿಗೂ ಮುಗಿದಿಲ್ಲ. ಆಲಮಟ್ಟಿ ಆಗ ಇದ್ದದ್ದು ಬಸವನ ಬಾಗೇವಾಡಿ ತಾಲೂಕಿನಲ್ಲಿ. ತೀರ್ಪು ಬಂದ ದಿನ ಬಾಗೇವಾಡಿಗೆ ಎಂಎಲ್‌ಎ ಇರಲಿಲ್ಲ.

2011ರ ಫೆಬ್ರವರಿ 24ರಂದು ಯಡಿಯೂರಪ್ಪ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದ್ರು. ಒಳ್ಳೆಯ ಯೋಚನೆ, ಅದಕ್ಕೆ ಹೊಗಳಿಕೆ ಸಲ್ಲಬೇಕು, ಸಂದಿದೆ ಕೂಡ. ಆದರೆ ಭೀಮಾ ತೀರದ ಒಣ ಬೇಸಾಯದವರು, ಲಿಂಬೆ ಬೆಳೆಯೋರು ಇರೋ ಇಂಡಿಯ ಕಡೆಯಿಂದ ಆ ಬಜೆಟ್ ಮೇಲೆ ಒಂದು ಮಾತು ಆಡೋಕೆ ಸದನದಲ್ಲಿ ಯಾರಿದ್ರು? ರೈತರ ಹೆಸರಿನ ಬಜೆಟ್, ರೈತರ ಕ್ಷೇತ್ರಕ್ಕೆ ಖಾಲಿ ಕುರ್ಚಿ. ಇದರಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ ಅನ್ನೋದೇ ವಿಚಿತ್ರ.

ಇನ್ನೊಂದು ವಿಷಯ ಓದಿದಾಗ ನಮಗೆ ನಿಜವಾಗಿ ಸಿಟ್ಟು ಬಂತು. 2011ರ ಏಪ್ರಿಲ್ 9ರಂದು ರಾಜ್ಯದಲ್ಲಿ ಉಪಚುನಾವಣೆ ಆಗಿದೆ. ಜಗಳೂರು, ಬಂಗಾರಪೇಟೆ, ಚನ್ನಪಟ್ಟಣ. ಅಲ್ಲಿನ ಶಾಸಕರು ತಮ್ಮ ಪಕ್ಷ ಬಿಟ್ಟು ಆಡಳಿತ ಪಕ್ಷಕ್ಕೆ ಬರೋಕೆ ರಾಜೀನಾಮೆ ಕೊಟ್ಟಿದ್ರು. ಅಲ್ಲಿ ಓಟು ಹಾಕಿಸಿದ್ರು, ಮೂರೂ ಬಿಜೆಪಿ ಗೆದ್ದಿತು. ಇಂಡಿ, ಬಾಗೇವಾಡಿ ಕೇಸು ಕೋರ್ಟಿನಲ್ಲಿತ್ತು, ಹಾಗಾಗಿ ಚುನಾವಣೆಯೂ ಇಲ್ಲ, ಶಾಸಕರೂ ಇಲ್ಲ. ನಾಯಕನ ಕಡೆಗೆ ಹಾರಿದವರ ಕ್ಷೇತ್ರಕ್ಕೆ ಪ್ರತಿನಿಧಿ ಬೇಗ ಸಿಕ್ಕ, ನಾಯಕನನ್ನ ವಿರೋಧಿಸಿದವರ ಕ್ಷೇತ್ರ ಕಾಯ್ತಾ ಕೂತಿತು. ಕಾನೂನಿನ ಪ್ರಕಾರ ಎಲ್ಲ ಸರಿ ಇರಬಹುದು. ಬಾಗೇವಾಡಿಯ ರೈತನಿಗೆ ಅದನ್ನ ವಿವರಿಸಿ ನೋಡೋಣ.

ಹಾಗಂತ ಬಂಡಾಯ ಎದ್ದವರನ್ನ ಹೀರೋ ಮಾಡೋ ಆಸೆ ನಮಗಿಲ್ಲ. ಹಗರಣ ಕಂಡು ಮನಸ್ಸು ಕುದ್ದು ಎದ್ದ ಬಂಡಾಯ ಇದು ಅಂತ ನಂಬೋಕೆ ಕಷ್ಟ. ಸೆಪ್ಟೆಂಬರ್‌ನ ಸಂಪುಟ ಬದಲಾವಣೆ ಆಗಿ ಎರಡೇ ವಾರಕ್ಕೆ ಬಂದ ಬಂಡಾಯ, ಅದೂ ಬೇರೆ ರಾಜ್ಯದ ಹೋಟೆಲುಗಳಿಂದ. ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆ ಬಿಜೆಪಿಯ ಆ ಶಾಸಕರಲ್ಲಿ ಹೆಚ್ಚಿನವರು ಮಾಡಿದ್ದೇನು? ಮತ್ತೆ ಅದೇ ಯಡಿಯೂರಪ್ಪ ಅವರಿಗೇ ಬೆಂಬಲ ಘೋಷಿಸಿದ್ರು! ಹೋಗುವಾಗಲೂ ಕ್ಷೇತ್ರದ ಜನರನ್ನ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ.

ಕುರ್ಚಿ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. ನವೆಂಬರ್‌ನಲ್ಲಿ ಜಮೀನು ಡಿನೋಟಿಫಿಕೇಶನ್ ಗಲಾಟೆ, ಜನವರಿ 21ರಂದು ರಾಜ್ಯಪಾಲರಿಂದ ಪ್ರಾಸಿಕ್ಯೂಷನ್‌ಗೆ ಅನುಮತಿ, ಮರುದಿನ ಆಡಳಿತ ಪಕ್ಷವೇ ಕರೆದ ಬಂದ್. ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಬಂತು, 31ಕ್ಕೆ ರಾಜೀನಾಮೆ. ಅಂದ್ರೆ ನಮ್ಮ ಎರಡು ತಾಲೂಕನ್ನ ಹೊಡೆದು ಹಾಕಿ ಸಿಕ್ಕಿದ್ದು ಒಂಬತ್ತೂವರೆ ತಿಂಗಳು. ಲೋಕಾಯುಕ್ತ ವರದಿ ಆಧರಿಸಿದ ಎಫ್‌ಐಆರ್ ಅನ್ನ 2012ರಲ್ಲಿ ಹೈಕೋರ್ಟ್ ರದ್ದು ಮಾಡಿತು, 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 40 ಕೋಟಿಯ ಕೇಸಿನಲ್ಲಿ ಅವರನ್ನ ಖುಲಾಸೆ ಮಾಡಿತು. ಅದನ್ನೂ ಹೇಳಲೇಬೇಕು. ನಮ್ಮ ತಕರಾರು ಅವರು ಅಪರಾಧಿಯೋ ಅಲ್ಲವೋ ಅನ್ನೋದರ ಮೇಲೆ ಇಲ್ಲ, ಅದಕ್ಕೆ ಕೋರ್ಟಿದೆ.

ಹಾಗಿದ್ರೆ ಹೀಗೇ ಆಗಬೇಕಿತ್ತಾ? ಬ್ರಿಟನ್ನಿನ ಬೋರಿಸ್ ಜಾನ್ಸನ್ ಕೂಡ ಕುರ್ಚಿ ಬಿಡಲ್ಲ ಅಂತ ಹಟ ಹಿಡಿದವರೇ. 2022ರ ಜೂನ್‌ನಲ್ಲಿ ಅವರದ್ದೇ ಪಕ್ಷದ 148 ಸಂಸದರು ಅವರ ವಿರುದ್ಧ ಓಟು ಹಾಕಿದ್ರು. ಒಬ್ಬರ ಸೀಟೂ ಹೋಗಲಿಲ್ಲ. ಜುಲೈ 5ಕ್ಕೆ ರಿಷಿ ಸುನಕ್, ಸಾಜಿದ್ ಜಾವಿದ್ ರಾಜೀನಾಮೆ, ಅವರ ಹಿಂದೆ ಮಂತ್ರಿಗಳ ಸಾಲೇ ಎದ್ದು ಹೋಯ್ತು, 7ನೇ ತಾರೀಖಿಗೆ ಜಾನ್ಸನ್ ಕೈಚೆಲ್ಲಿದ್ರು. 2019ರಲ್ಲಿ ಅವರು ಬ್ರೆಕ್ಸಿಟ್ ವಿಷಯಕ್ಕೆ 21 ಸಂಸದರನ್ನ ಸಂಸದೀಯ ಪಕ್ಷದಿಂದಲೇ ಹೊರಗೆ ಹಾಕಿದ್ರು. ಆದರೂ ಅವರು ಸಂಸದರಾಗಿಯೇ ಇದ್ರು. ಪಕ್ಷದ ಜಗಳ ಪಕ್ಷದೊಳಗೆ, ಊರಿನ ಪ್ರತಿನಿಧಿ ಊರಿಗೆ. ನಮ್ಮಲ್ಲಿ 1985ರ ಕಾಯ್ದೆ ಎರಡನ್ನೂ ಒಂದೇ ಗಂಟು ಹಾಕಿಬಿಟ್ಟಿದೆ, ಆ ಗಂಟು ಬಿಚ್ಚೋ ಕೈ ಸ್ಪೀಕರ್ ಅವರದ್ದು, ಸ್ಪೀಕರ್ ಬರೋದು ಸಾಮಾನ್ಯವಾಗಿ ಆಡಳಿತ ಪಕ್ಷದಿಂದ. ಈ ಅಧಿಕಾರ ಸ್ಪೀಕರ್ ಬಳಿ ಇರಬೇಕಾ ಅಂತ ಸಂಸತ್ತು ಯೋಚಿಸಲಿ ಅಂತ ಸುಪ್ರೀಂ ಕೋರ್ಟೇ 2020ರ ಜನವರಿಯಲ್ಲಿ ಮಣಿಪುರದ ಕೇಸಿನಲ್ಲಿ ಹೇಳಿದೆ. ಯೋಚನೆ ಇನ್ನೂ ನಡೀತಾ ಇರಬೇಕು.

ಇದು ಒಂದೇ ಪಕ್ಷದ ಚಾಳಿ ಅಂತ ಯಾರಾದ್ರೂ ಹೇಳಿದ್ರೆ 2019 ನೆನಪು ಮಾಡಬೇಕಾಗತ್ತೆ. ಆಗ ಸ್ಪೀಕರ್ ರಮೇಶ್ ಕುಮಾರ್, ಕಾಂಗ್ರೆಸ್‌ನವರು. 17 ಶಾಸಕರು ಅನರ್ಹ. 224 ಹೋಗಿ 207 ಆಯ್ತು, ಬಹುಮತ 104ಕ್ಕೆ ಇಳೀತು, ಬಿಜೆಪಿ ಬಳಿ 105 ಇತ್ತು. ಮತ್ತೆ ಛೇದದ ಲೆಕ್ಕ, ಮತ್ತೆ ಯಡಿಯೂರಪ್ಪ ಮುಖ್ಯಮಂತ್ರಿ! ಹದಿನೇಳು ಊರಿನ ಜನ ಮತ್ತೆ ಕಾಯೋ ಸರದಿ.

ಬಸವನ ಬಾಗೇವಾಡಿಯ ಗೆಳೆಯ ಇಷ್ಟು ಹೊತ್ತಿಗೆ ಬಸವಣ್ಣನವರ ಹೆಸರು ತೆಗೆದೇ ತೆಗೀತಾನೆ, ಮಂತ್ರಿ ಪದವಿ ಬಿಟ್ಟು ಕೂಡಲಸಂಗಮಕ್ಕೆ ನಡೆದವರು ಅಂತ. ಅವರನ್ನ ಇಲ್ಲಿ ಬಿಡೋಣ, ಎಲ್ಲ ಪಕ್ಷದ ಭಾಷಣದಲ್ಲೂ ಅವರಿಗೆ ಸಾಕಷ್ಟು ಕೆಲಸ ಇದೆ. ಹತ್ತಿರದ ಉದಾಹರಣೆ ಒಂದಿದೆ. ಆಗಿನ ವಿಜಾಪುರ ಜಿಲ್ಲೆಯಲ್ಲೇ ಇದ್ದ ಹುನಗುಂದದ ಶಾಸಕ ಎಸ್.ಆರ್. ಕಂಠಿ. 1962ರಲ್ಲಿ ನಿಜಲಿಂಗಪ್ಪ ಚುನಾವಣೆ ಸೋತಿದ್ದರಿಂದ ಕಂಠಿಯವರು ಮುಖ್ಯಮಂತ್ರಿಯಾದ್ರು. ಮೂರು ತಿಂಗಳ ಮೇಲೆ ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದಾಗ ಕುರ್ಚಿ ಬಿಟ್ಟುಕೊಟ್ಟು, ಅವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದ್ರು. ಅದೂ ಪಕ್ಷದೊಳಗಿನ ಒಪ್ಪಂದವೇ, ಸನ್ಯಾಸ ಅಲ್ಲ. ಆದರೂ ಕುರ್ಚಿ ಸಿಕ್ಕ ಮೇಲೆ ಎಷ್ಟು ಜನ ಒಪ್ಪಂದ ನೆನಪಿಟ್ಟುಕೊಳ್ತಾರೆ? 20 ತಿಂಗಳ ಒಪ್ಪಂದ ಮುರಿದು ಬಿದ್ದ 2007 ನಮ್ಮ ರಾಜ್ಯದ್ದೇ.

2013ರಲ್ಲಿ ಇಂಡಿಯಲ್ಲಿ ಕಾಂಗ್ರೆಸ್‌ನ ಯಶವಂತರಾಯಗೌಡ ಪಾಟೀಲ, ಬಸವನ ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲ ಗೆದ್ರು, ಇವತ್ತಿಗೂ ಅವರೇ. ಆ 215 ದಿನಕ್ಕೆ ಜನ ಕೊಟ್ಟ ಉತ್ತರ ಅದೇ ಅಂತ ಹೇಳೋಕೆ ಆಗಲ್ಲ. ಆ ವರ್ಷ ರಾಜ್ಯದಲ್ಲೆಲ್ಲ ಬಿಜೆಪಿ 40ಕ್ಕೆ ಇಳಿದಿತ್ತು.

ನಾವು ವಿಧಾನಸಭೆಗೆ ಮೊದಲ ಸಲ ಓಟು ಹಾಕೋದು 2028ರಲ್ಲಿ. ನಾಲ್ಕೂ ಊರಿನವರು ಕೂತು ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೀವಿ. ರಸ್ತೆ, ನೀರು, ಕೆಲಸ ಎಲ್ಲ ಕೇಳಿದ ಮೇಲೆ ಮನೆಗೆ ಬಂದ ಕ್ಯಾಂಡಿಡೇಟಿಗೆ ಕೇಳೋದು: ನಿಮ್ಮ ನಾಯಕನ ಮೇಲೆ ನಿಮಗೆ ವಿಶ್ವಾಸ ಹೋದ ದಿನ, ಮೊದಲು ಇಂಡಿಗೆ ಬಂದು ನಮಗೆ ಹೇಳ್ತೀರಾ, ಇಲ್ಲಾ ಟಿವಿಯಲ್ಲಿ ರೆಸಾರ್ಟ್ ಗೇಟು ನೋಡಿ ನಾವೇ ತಿಳ್ಕೋಬೇಕಾ? ಉತ್ತರ ಬಂದ್ರೆ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ಅಷ್ಟೊತ್ತಿಗೆ ನಾವು ಪಾಸೌಟ್ ಆಗಿರದಿದ್ರೆ.